ಒಗೆಯುವ ಕಲ್ಲಿನ ರಾಣಿ

ಮೆಲ್ಬರ್ನ್‌ನ ವಿಶ್ವವಿದ್ಯಾಲಯವೊಂದಕ್ಕೆ ಮಗನ ಜೊತೆ ಹೋಗಿದ್ದಾಗ ಮೈಸೂರಿನ ಪ್ರಾಧ್ಯಾಪಕಿಯೊಬ್ಬರು ಹಳೆಯ ಫೋಟೋ ತೋರಿಸಿದರು. ಅದು ನಮ್ಮೂರ ಮುರಿದ ಶಾಸನ! ನೂರಾರು ವರ್ಷಗಳ ಹಿಂದೆ, ರಾಜ ಸತ್ತಾಗ ಚಿತೆ ಏರದ ರಾಣಿಯೊಬ್ಬಳು ನಮ್ಮ ಕೆರೆ ಕಟ್ಟಿಸಿದಳಂತೆ. ಹುಟ್ಟಿದಾಗಿನಿಂದ ನಾನು ಕುಡಿದದ್ದು ಅವಳ ನೀರು.

“ರಾಣಿ ಹೆಸರು ಮಾತ್ರ ಗೊತ್ತಿಲ್ಲ ಅಂಕಲ್. ಕಲ್ಲಿನ ಕೆಳಗಿನ ಹಾಫ್ ಮಿಸ್ಸಿಂಗ್.”

“ನಮ್ಮ ಹಿತ್ತಲಲ್ಲಿದೆಯಮ್ಮ. ಬಟ್ಟೆ ಒಗೆಯೋಕೆ ಅಂತ ನಾನೇ ಒಡೆಸಿದ್ದು,” ಎಂದು ತಲೆ ತಗ್ಗಿಸಿದೆ.

“ಅಯ್ಯೋ! ಅಕ್ಷರ ಸವೆದುಹೋಯ್ತಾ?”

“ಇಲ್ಲ, ಬಟ್ಟೆ ಹರಿಯುತ್ತೆ ಅಂತ ಅಕ್ಷರದ ಕಡೆ ಕೆಳಗೆ ಹಾಕಿದ್ದೆ.”

ಅವರು ಫೋನನ್ನು ನನ್ನತ್ತ ತಳ್ಳಿದರು. ಮನೆಗೆ ಕರೆ ಮಾಡಿ, ಕಲ್ಲು ಮಗುಚಿಸು ಎಂದರೆ ಊರಲ್ಲಿದ್ದ ಹೆಂಡತಿ ರೇಗಿದಳು: “ಅಷ್ಟು ದೂರ ಹೋದ್ಮೇಲೆ ನನ್ನ ಒಗೆಯೋ ಕಲ್ಲು ನೆನಪಾಯ್ತಾ?”

ರಾಣಿಯ ವಿಷಯ ಹೇಳಿದೆ. “ಮೂವತ್ತು ವರ್ಷ ಅವಳ ಬೆನ್ನ ಮೇಲೆ ಒಗೆಸಿದ್ರಲ್ಲ ನನ್ನ ಕೈಲಿ,” ಎಂದಳು.