ಎಡಗಾಲಿನ ಕಾರು

ಬಳ್ಳಾರಿಯ ಗಾಂಧಿನಗರದ ನಮ್ಮ ಗ್ಯಾರೇಜಿನಲ್ಲಿ ಒಂದು ಕಾರಿದೆ. ಅದಕ್ಕೆ ಕಂಪನಿ ಎಂಬುದಿಲ್ಲ. ಅಜ್ಜ, ಅಪ್ಪ ಇಬ್ಬರೂ ಸೇರಿ ಗುಜರಿಯಿಂದ ಮೈ ತಂದು, ಬೇರೊಂದು ಗಾಡಿಯ ಡೀಸೆಲ್ ಎಂಜಿನ್ ಕೂಡಿಸಿ, ಮೂರು ವರ್ಷ ಜಗಳವಾಡಿ ಕಟ್ಟಿದ್ದು. ಇಬ್ಬರೂ ಎಂಜಿನಿಯರಿಂಗ್ ಓದಿದವರಲ್ಲ. ಓದಿದವರು ಬಂದು ನೋಡಿ ತಲೆ ಕೆರೆದುಕೊಂಡು ಹೋಗುತ್ತಿದ್ದರು.

ಎರಡು ವರ್ಷದ ಹಿಂದೆ ಜಾಕ್ ಜಾರಿ ಗೇರ್‌ಬಾಕ್ಸು ಅಪ್ಪನ ಬಲಪಾದದ ಮೇಲೆ ಕೂತಿತು. ಪಾದ ಉಳಿಯಿತು, ಮಡಚುವುದು ನಿಂತಿತು. ಬ್ರೇಕು, ಆಕ್ಸಿಲರೇಟರು ಎರಡೂ ಬಲಗಾಲಿನವು. ಅಪ್ಪ ಕಾರಿನ ಪಕ್ಕ ಕುರ್ಚಿ ಹಾಕಿಕೊಂಡು ಎಲ್ಲರಲ್ಲೂ ತಪ್ಪು ಹುಡುಕತೊಡಗಿದ. ಮಗಳೆಂದು ನನ್ನಲ್ಲಿ ಸ್ವಲ್ಪ ಹೆಚ್ಚು.

ಸಿರುಗುಪ್ಪದ ಅಕ್ಕಿ ಗಿರಣಿಯ ಸಾಹುಕಾರರು, ಹಳೆಯ ಗಿರಾಕಿ, ಒಂದು ದಿನ ಬಂದು, "ಸುಮ್ಮನ ನಿಂತು ತುಕ್ಕು ಹಿಡಿತೈತಿ. ನನಗ ಕೊಟ್ಟುಬಿಡ್ರಿ, ಚಂದಗ ಇಟ್ಕೋತೀನಿ" ಎಂದರು.

ಅಪ್ಪ ಕುರ್ಚಿಯಿಂದಲೇ ಕೈ ಚಾಚಿ ಕಾರಿನ ಬಾಗಿಲಿನ ಧೂಳು ಒರೆಸಿದ. "ದೀಪಾವಳಿ ತನಕ ತಡೀರಿ. ಅಷ್ಟರಾಗ ನನಗ ಓಡಸಾಕ ಆಗಲಿಲ್ಲಂದ್ರ ಒಯ್ರಿ."

ನಾನು ಆಟೊಮೊಬೈಲ್ ಓದಿದವಳು. ಬ್ರೇಕು, ಆಕ್ಸಿಲರೇಟರು ಎರಡನ್ನೂ ಎಡಗಾಲಿಗೆ ತಂದೆ. ಕ್ಲಚ್ಚನ್ನು ಕಾಲಿನಿಂದ ಬಿಡಿಸಿ, ಬೈಕಿನ ಹಾಗೆ ಹಿಡಿಕೆ ಮಾಡಿ ಗೇರಿನ ಕೋಲಿಗೆ ಕೂಡಿಸಿದೆ.

"ಇದು ಕಾರೋ, ಫಟಫಟಿಯೋ?" ಅಪ್ಪ ಕೇಳಿದ.

"ಹತ್ತಿ ನೋಡು, ಗೊತ್ತಾಗ್ತೈತಿ."

"ನಿಮ್ಮಜ್ಜ ಇದ್ದಿದ್ರ ಬೈತಿದ್ದ."

"ನೀ ಅದೀಯಲ್ಲ, ಸಾಕು."

ಈ ಬದಲಾವಣೆಗೆ ಆರ್‌ಟಿಓ ಒಪ್ಪಿಗೆಯ ಕಾಗದ ಕೈಗೆ ಬಂದಾಗ ಹಬ್ಬಕ್ಕೆ ಎರಡೇ ದಿನ. ಅವತ್ತೇ ಕುರುಗೋಡಿನ ರಸ್ತೆ ಹಿಡಿದೆವು. ಅಪ್ಪನ ಕೈಯಲ್ಲಿ ಹತ್ತು ನಿಮಿಷದಲ್ಲಿ ನಾಲ್ಕು ಸಲ ಎಂಜಿನ್ ನಿಂತುಹೋಯಿತು. ನಾನು ಬಾಯಿ ಮುಚ್ಚಿಕೊಂಡಿದ್ದೆ. ಕಾಲು ಮಾತ್ರ ನನ್ನ ಕಡೆ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಕುರುಗೋಡಿನ ಬಸ್ ನಿಲ್ದಾಣದ ಮುಂದೆ ಗಾಡಿ ನಿಲ್ಲಿಸಿ "ಇಳಿ" ಎಂದ.

"ಯಾಕ?"

"ಮಾಡಿದೋರು ಪಕ್ಕದಾಗ ಕುಂತ್ರ ಗಾಡಿ ಹೆದರಿ ಛಲೋ ಓಡತೈತಿ. ಇಳಿ ಲೇ."

ಪರೀಕ್ಷೆಗೆ ಓಡಿಸುವಾಗ ಕೆಲಸ ಮಾಡಿದವರು ಗಾಡಿಯಲ್ಲಿರಬಾರದು, ಅದು ಅಜ್ಜನ ಕಾಲದಿಂದ ನಮ್ಮ ಗ್ಯಾರೇಜಿನ ಕಾನೂನು. ಇಳಿದೆ. ಗಾಡಿ ಬಳ್ಳಾರಿಯ ಕಡೆ ತಿರುಗಲಿಲ್ಲ, ಸಿರುಗುಪ್ಪದ ಕಡೆ ಹೋಯಿತು. ಅವನ ಫೋನು ನನ್ನ ಚೀಲದಲ್ಲಿತ್ತು.

ಒಂದು ತಾಸು ಹೆಮ್ಮೆಪಟ್ಟೆ. ಇನ್ನೊಂದು ತಾಸು ಬೈದುಕೊಂಡೆ. ಆಮೇಲೆ ಬರೀ ಹೆದರಿಕೆ. ಆ ರಸ್ತೆಯಲ್ಲಿ ಭತ್ತದ ಲಾರಿಗಳು ಯಾರಿಗೂ ದಾರಿ ಬಿಡುವುದಿಲ್ಲ. ನಾನು ಬಿಗಿದ ಹನ್ನೊಂದು ಬೋಲ್ಟುಗಳನ್ನು ಒಂದೊಂದಾಗಿ ನೆನೆಸಿಕೊಂಡೆ, ಹತ್ತು ನೆನಪಾದವು. ಅಯ್ಯೋ ದೇವರೇ, ಗಾಡಿ ಬೇಕಾದರೆ ಗಿರಣಿಗೇ ಹೋಗಲಿ, ಈ ಮುದುಕ ಬರಲಿ ಎಂದೆ.

ಬಂದ. ಅಂಗಿ ಬೆವರಿಗೆ ಮೈಗಂಟಿತ್ತು.

"ಎಲ್ಲಿ ಹೋಗಿದ್ದಿ?"

"ಸಿರುಗುಪ್ಪಕ್ಕ. ಗಾಡಿ ಕೊಡಂಗಿಲ್ಲ ಅಂತ ಸಾಹುಕಾರಗ ಹೇಳಿ ಬಂದೆ."

"ಫೋನ್‌ನ್ಯಾಗ ಹೇಳಾಕ ಬರ್ತಿರಲಿಲ್ಲೇನು?"

"ಫೋನ್‌ನ್ಯಾಗ ಗಾಡಿ ಕಾಣ್ತಿರಲಿಲ್ಲ."

ಸಿಟ್ಟಿಗೆ ಅಳು ಬಂತು. ಎರಡು ವರ್ಷದಿಂದ ಎಲ್ಲಿಗೆ ಹೋಗಬೇಕಾದರೂ ಅವನನ್ನು ಕರೆದೊಯ್ಯುತ್ತಿದ್ದವಳು ನಾನೇ. ಅಭ್ಯಾಸದಿಂದ ಸ್ಟೀರಿಂಗಿನ ಕಡೆ ಹೋಗಿ ನಿಂತೆ. ಅಪ್ಪ ಇಳಿಯಲಿಲ್ಲ. ಕೈ ಚಾಚಿ ಆ ಕಡೆಯ ಬಾಗಿಲು ತೆಗೆದ.

"ಬಾ ಯವ್ವಾ, ಮನಿಗೆ ಬಿಡ್ತೀನಿ."