ಅವ್ವನಿಗೆ ಫ್ಯೂಚರ್ ಟೆನ್ಸ್ ಕಲಿಸಿದ ಬೇಸಿಗೆ

ಆಗೆಲ್ಲ ಬೇಸಿಗೆ ರಜೆ ಬಂತೆಂದರೆ ನಮ್ಮೂರು ಭೀಮನಬೀಡಿನ ಮಕ್ಕಳು ಹುಣಸೆಮರದ ನೆರಳು ಬಿಟ್ಟು ಮನೆ ಸೇರುತ್ತಿರಲಿಲ್ಲ. ನಾನು ಎಂಟನೇ ಕ್ಲಾಸು ಮುಗಿಸಿದ ವರ್ಷ ಮಾತ್ರ ಗೆಳತಿಯರ ಕುಂಟೆಬಿಲ್ಲೆಯ ಗಲಾಟೆಯನ್ನು ಒಳಗಿನಿಂದಲೇ ಕೇಳುತ್ತಾ, ಚಾಪೆಯ ಮೇಲೆ ಕೂತು ಅವ್ವನಿಗೆ ಇಂಗ್ಲಿಷ್ ಕಲಿಸಬೇಕಾಯಿತು.

ಅವ್ವ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾಗಿ ಮದುವೆಯಾದವಳು. ಊರಿನ ಅಂಗನವಾಡಿಯಲ್ಲಿ ಕೆಲಸ ಖಾಲಿಯಾಗುತ್ತದೆಂಬ ಸುದ್ದಿ ಬಂದಿತ್ತು. ಪಾಸಾದರೆ ಅರ್ಜಿ ಹಾಕಬಹುದು, ಜೂನಿನಲ್ಲಿ ಪರೀಕ್ಷೆ. ಹೊತ್ತಾರೆಯಿಂದ ಚೆಂಡುಹೂವಿನ ಸಸಿ ನೆಡುವ ಕೂಲಿ ಮುಗಿಸಿ, ಕೈಯ ಮಣ್ಣಿನ ವಾಸನೆ ಹೋಗುವ ಮೊದಲೇ ಬಂದು ಕೂರುತ್ತಿದ್ದಳು.

'ವಿಲ್ ಗೋ' ಸಲೀಸಾಗಿ ಬಂತು. 'ವಿಲ್ ಹ್ಯಾವ್ ಗಾನ್' ಹತ್ತಿರ ಗಾಡಿ ನಿಂತಿತು.

"ಇನ್ನೂ ಓಗೇ ಇಲ್ಲ, ಓಗಿರ್ತೀನಿ ಅಂತ ಯಾಕಮ್ಮಿ ಯೋಳ್ಬೇಕು? ನಾಳೆ ಓಯ್ತೀನಿ ಅಂದ್ರೆ ಮುಗೀತಲ್ಲ!"

"ಅದು ಅಂಗೇ ಕಣವ್ವಾ. ಬಾಯಿಪಾಠ ಮಾಡು."

"ಐ ವಿಲ್ ಹ್ಯಾವ್ ವೆಂಟ್."

"ವೆಂಟ್ ಅಲ್ಲ, ಗಾನ್! ಗಾನ್!"

ಹತ್ತು ದಿನ ಇದೇ ಗೋಳು. ಹನ್ನೊಂದನೇ ದಿನ ಪುಸ್ತಕ ಬಿಸಾಡಿ, "ನಿನ್ ತಲೆಗೆ ಅತ್ತಲ್ಲ ಬುಡು, ಕೂಲಿಗೇ ಓಗು" ಎಂದುಬಿಟ್ಟೆ.

ಅವ್ವ ಎದ್ದು ಒಲೆ ಮುಂದೆ ಕೂತಳು. ಹುರುಳಿಸಾರಿನ ಘಮಕ್ಕೆ ಹೊಟ್ಟೆ ಚುರುಗುಟ್ಟುತ್ತಿತ್ತು, ಆದರೆ ಕೇಳಲು ಮುಖವಿರಲಿಲ್ಲ. ಅವಳೇ ತಟ್ಟೆ ತಂದಿಟ್ಟು ಹೋದಳು.

ಮಾರನೆಯ ಸಂಜೆ ಪುಸ್ತಕ ಹಿಡಿದು ತಾನೇ ಬಂದಳು. "ನೀನು ಸ್ಕೂಲಿಂದ ಬರೋ ಒತ್ಗೆ ನಾನು ರಾಗಿ ಇಟ್ಟು ಮಾಡಿರ್ತೀನಿ. ಇದು ಅಂಗೇ ಅಲ್ವಾ? ಐ ವಿಲ್ ಹ್ಯಾವ್ ಕುಕ್ಡ್."

ನನಗೆ ನಾಚಿಕೆಯಾಯಿತು. ಉರು ಹೊಡೆದಿದ್ದೆನೇ ಹೊರತು, ಆ ವಾಕ್ಯದ ಅರ್ಥ ನನಗೂ ಗೊತ್ತಾದದ್ದು ಆಗಲೇ. "ಊಂ ಕಣವ್ವಾ" ಎಂದೆ, ತಲೆ ಎತ್ತದೆ.

ಗುಂಡ್ಲುಪೇಟೆಗೆ ಹೋಗಿ ಪರೀಕ್ಷೆ ಬರೆದ ಅವ್ವ ಪಾಸಾದಳು. ಕೆಲಸವೂ ಸಿಕ್ಕಿತು. ಆಮೇಲೆ ನನ್ನ ಪಾಠ ಅವಳಿಗೆ ಬೇಕಾಗಲಿಲ್ಲ.

ಈಗ ನಾನೇ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ. ರೇಗುವ ಬುದ್ಧಿ ಇನ್ನೂ ಬಿಟ್ಟಿಲ್ಲ. ಆದರೆ ಈ ಮಕ್ಕಳು ಬೋರ್ಡಿನ ಮೇಲಿದ್ದದ್ದನ್ನು ಹಾಗೇ ಇಳಿಸಿಕೊಳ್ಳುತ್ತಾರೆ, ಉಳಿದದ್ದನ್ನು ಮೊಬೈಲಿನಲ್ಲಿ ನೋಡುತ್ತಾರೆ. ಯಾಕೆ ಹೀಗೆ ಎಂದು ಒಬ್ಬರೂ ಕೇಳುವುದಿಲ್ಲ. ನನ್ನ ಜೊತೆ ಜಗಳಕ್ಕೇ ನಿಂತು ಪಾಠ ಕಲಿತ ವಿದ್ಯಾರ್ಥಿ ಒಬ್ಬಳೇ. ಅಂಥವಳು ಮತ್ತೆ ನನಗೆ ಸಿಕ್ಕಲಿಲ್ಲ.