ಒಂದೇ ಹೂವಿಗೆ ಎರಡು ಪ್ರಶ್ನೆ

ನಮ್ಮ ಯಜಮಾನರು ಮಾಲೂರಿನ ಆಚೆಗಿರುವ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಕಾರು, ಲಾರಿಗಳಿಗೆ ಬೇಕಾಗುವ ರಬ್ಬರಿನ ಸಣ್ಣಪುಟ್ಟ ಭಾಗಗಳು ಅಲ್ಲಿ ತಯಾರಾಗುತ್ತವೆ. ಅವರ ಅಂಗಿಯನ್ನು ಎಷ್ಟು ತಿಕ್ಕಿ ಒಗೆದರೂ ರಬ್ಬರಿನ ವಾಸನೆ ಉಳಿಯುತ್ತದೆ. ಮದುವೆಯಾದ ಹೊಸದರಲ್ಲಿ ನನಗೆ ತಲೆ ಸುತ್ತುತ್ತಿತ್ತು. ಆಮೇಲೆ ಆ ವಾಸನೆ ಬಾಗಿಲಿಗೆ ಬಂತೆಂದರೆ ಮುದ್ದೆಗೆ ಎಸರಿಡುವುದು ಅಭ್ಯಾಸವಾಯಿತು.

ಒಂದು ಸಂಜೆ ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು ಸುದ್ದಿ ಹೇಳಿದರು. ಹಳೆಯ ನೌಕರರಿಗೆ ಕಂಪನಿ ತನ್ನ ಷೇರನ್ನು ಕಡಿಮೆ ಬೆಲೆಗೆ ಕೊಡುತ್ತದಂತೆ. ಮುಂದೆ ಕಂಪನಿ ಷೇರು ಮಾರ್ಕೆಟ್ಟಿಗೆ ಹೋದಾಗ ಅದು ಎಷ್ಟೋ ಪಟ್ಟು ಬೆಳೆಯುತ್ತದಂತೆ.

ಕೈಯಲ್ಲಿ ಆಗ ದುಡ್ಡೂ ಇತ್ತು. ಹುತ್ತೂರಿನ ಹತ್ತಿರ ನನ್ನ ತವರಿನ ಹಿಪ್ಪುನೇರಳೆ ತೋಟದ ಒಂದು ಅಂಚು ಹೊಸ ರಸ್ತೆಗೆ ಹೋಗಿತ್ತು. ಬಂದ ಪರಿಹಾರದಲ್ಲಿ ನಾನು ಕೇಳದೆಯೇ ಅಣ್ಣ ನನ್ನ ಪಾಲು ತಂದುಕೊಟ್ಟಿದ್ದ. ಅಂಥ ಅಣ್ಣನನ್ನು ಕೊಟ್ಟದ್ದಕ್ಕೆ ದೇವರಿಗೆ ಆ ದಿನ ಒಂದು ದೀಪ ಹೆಚ್ಚು ಹಚ್ಚಿದ್ದೆ. ನಮ್ಮ ಮುಪ್ಪಿಗೆ ಅಂತ ಇದ್ದದ್ದು ಅದೊಂದೇ. ಅಷ್ಟನ್ನೂ ಷೇರಿಗೆ ಹಾಕಬೇಕೆಂಬುದು ಅವರ ಆಸೆ.

ನನಗೆ ಬೇಡ ಅನ್ನಿಸಲಿಲ್ಲ. ಏನೆಂದು ಗೊತ್ತಿಲ್ಲದ್ದನ್ನು ಬೇಡ ಅನ್ನುವುದಾದರೂ ಹೇಗೆ?

"ಷೇರು ಅಂದ್ರೆ ಏನ್ರೀ?"

"ಭಾಗ ಕಣೇ. ಕಂಪ್ನೀಲಿ ನಮ್ದೂ ಒಂದು ಭಾಗ."

"ಯಾವ ಭಾಗ? ಗೇಟಾ, ಕ್ಯಾಂಟೀನಾ?"

"ಹಂಗಲ್ಲ. ಎಲ್ಲದ್ರಲ್ಲೂ ಒಂಚೂರು."

"ಕ್ಯಾಂಟೀನಲ್ಲೂ?"

"ಹೂಂ, ಅಲ್ಲೀ ಸಾಂಬಾರಲ್ಲೂ ಒಂದು ಸೌಟು ನಿಂದೇ, ಬಿಡು."

ಮರುದಿನದಿಂದ "ಇವತ್ತು ನಿನ್ ಸಾಂಬಾರು ಬರೀ ಉಪ್ಪು" ಅನ್ನುತ್ತಾ ಮನೆಗೆ ಬರತೊಡಗಿದರು. ನನ್ನ ಪ್ರಶ್ನೆಗಳು ಮಾತ್ರ ಮುಗಿದಿರಲಿಲ್ಲ. ಬೇಕೆಂದಾಗ ಮಾರಬಹುದಾ ಅಂತ ಕೇಳಿದೆ. ಮಾರ್ಕೆಟ್ಟಿಗೆ ಹೋಗುವ ತನಕ ಕಂಪನಿಗೇ ವಾಪಸ್ ಕೊಡಬೇಕು ಅಂದರು.

"ಕಂಪ್ನಿ ತಗೊಳ್ಳಲ್ಲ ಅಂದ್ರೆ?"

"ಯಾಕಂತಾರೆ? ಇಷ್ಟು ವರ್ಷ ಆಯ್ತು, ಒಂದ್ ತಿಂಗಳಾದ್ರೂ ಸಂಬಳ ತಡ ಆಗೈತಾ?"

ಆ ಮಾತು ಸುಳ್ಳಲ್ಲ. ಆ ಕಂಪನಿಯ ಅನ್ನ ನಮ್ಮನ್ನು ಸಾಕಿದೆ. ಆದರೆ ಆ ಶುಕ್ರವಾರ ಮನೆ ಒರೆಸುವಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಗೋಡೆಯ ಗಡಿಯಾರ ಕಂಪನಿಯದು, ವಾರ್ಷಿಕೋತ್ಸವಕ್ಕೆ ಕೊಟ್ಟದ್ದು. ಸ್ಟೀಲಿನ ಡಬ್ಬಿಗಳು ಆಯುಧಪೂಜೆಗೆ ಬಂದವು. ಅತ್ತೆಯ ಬಿ.ಪಿ. ಮಾತ್ರೆ ಕಂಪನಿಯ ಆಸ್ಪತ್ರೆ ಕಾರ್ಡಿನ ಮೇಲೆ. ಡಬ್ಬಿಯೊಳಗಿನ ಅಕ್ಕಿಯಿಂದ ಹಿಡಿದು ಒರೆಸುವ ಬಟ್ಟೆಯವರೆಗೆ, ಅದು ಅವರ ಹಳೇ ಯೂನಿಫಾರಂ, ಎಲ್ಲ ಒಂದೇ ಬಾಗಿಲಿಂದ ಬಂದದ್ದು. ದೇವರ ಗೂಡು ಮತ್ತು ನಾನು ಮಾತ್ರ ಬೇರೆ ಕಡೆಯಿಂದ ಬಂದಿದ್ದೆವು. ಈಗ ನಾನು ತಂದದ್ದೂ ಅಲ್ಲಿಗೇ ಹೊರಟಿತ್ತು.

ನನ್ನಮ್ಮ ರೇಷ್ಮೆ ಹುಳು ಮೇಯಿಸುತ್ತಿದ್ದಳು. ಮರಿಹುಳು ಮನೆಗೆ ಬಂದ ದಿನವೇ ಕೆಲವು ತಟ್ಟೆಗಳನ್ನು ಊರಿನ ಆ ತುದಿಯಲ್ಲಿದ್ದ ಚಿಕ್ಕಮ್ಮನ ಮನೆಗೆ ಕಳಿಸುತ್ತಿದ್ದಳು. ಅವರ ಕೆಲವು ತಟ್ಟೆ ನಮ್ಮ ಮನೆಗೆ ಬರುತ್ತಿದ್ದವು. ಎರಡೂ ಕಡೆ ಸೊಪ್ಪು ಹೊರುವವಳು ನಾನು. ನಮ್ಮನೆಯಲ್ಲಿ ಜಾಗ ಇಲ್ಲವೇ ಎಂದು ಸಿಡುಕಿದರೆ ಅಮ್ಮ, "ಜಾಗ ಐತೆ. ರೋಗ ಬಂದ್ರೆ ತಟ್ಟೆ ನೋಡಲ್ಲ ಕಣೇ, ಮನೆ ನೋಡ್ತದೆ" ಅನ್ನುತ್ತಿದ್ದಳು.

ಇದನ್ನು ಯಜಮಾನರಿಗೆ ಹೇಳಿದೆ.

"ಹುಳಕ್ಕೂ ಕಂಪ್ನಿಗೂ ಏನೇ ಸಂಬಂಧ?"

"ನೀವಿರೋದೂ ಅದೇ ಮನೇಲಿ, ತಟ್ಟೆ ಇಡೋದೂ ಅದೇ ಮನೇಲಿ. ಅಷ್ಟೇ."

"ಗಂಗಮ್ಮನ್ನೇ ಕೇಳಿಬಿಡೋಣ" ಅಂದರು.

ಮನಸ್ಸು ಎರಡಾದಾಗ ನಮ್ಮ ಕಡೆ ಗಂಗಮ್ಮನ ಗುಡಿಯಲ್ಲಿ ಹೂ ಕೇಳುತ್ತಾರೆ. ಪೂಜಾರಿ ಗಂಗಮ್ಮನ ವಿಗ್ರಹಕ್ಕೆ ಒದ್ದೆ ಹೂ ಅಂಟಿಸುತ್ತಾನೆ. ನಾವು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ. ಅತ್ತೆಯೂ ನಮ್ಮ ಜೊತೆ ಬಂದರು. ಕಣ್ಣು ಮುಚ್ಚಿ ಕೈ ಮುಗಿದೆವು. ಬಹಳ ಹೊತ್ತು ಕಾಯಿಸಲಿಲ್ಲ, ಸೇವಂತಿಗೆ ಬಲಗಡೆಗೆ ಜಾರಿತು. "ಕೊಟ್ಲು ತಾಯಿ" ಅಂತ ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಅಂದೆವು.

ಹೊರಗೆ ಜಗುಲಿಯ ಮೇಲೆ ಪುಳಿಯೋಗರೆ ತಿನ್ನುತ್ತಾ ಯಜಮಾನರು, "ಸರಿ, ಷೇರಿಗೆ ಒಪ್ಪಿಗೆ ಸಿಕ್ತು" ಅಂದರು.

"ನಾನು ಕೇಳಿದ್ದು ಅದಲ್ಲ. ದುಡ್ಡು ಪೋಸ್ಟಾಫೀಸಲ್ಲಿಡಲಾ ಅಂತ ಕೇಳ್ದೆ."

ಅವರು ತುತ್ತನ್ನು ಎಲೆಗೆ ಹಾಕಿ ಅತ್ತೆಯ ಕಡೆ ನೋಡಿದರು. ಅತ್ತೆ ಮುಳಬಾಗಿಲು ಕಡೆಯವರು. ಮಾತಿಗೆ ಕನ್ನಡ, ಬೈಗುಳಕ್ಕೆ ತೆಲುಗು.

"ಒರೇ, ಪುವ್ವು ಒಕಟೇ ಕದರಾ," ಎಂದು ಮಗನಿಗೆ ಶುರುಮಾಡಿ ನನ್ನ ಕಡೆ ತಿರುಗಿದರು. "ಬಿದ್ದಿದ್ದು ಒಂದು ಹೂವು. ಗಂಡಂದೊಂದು ಪ್ರಶ್ನೆ, ಹೆಂಡ್ತೀದೊಂದು ಪ್ರಶ್ನೆ. ಆ ತಾಯಿ ಯಾರಿಗೆ ಅಂತ ಹೇಳ್ತಾಳೆ? ಮನೇಲೇ ಮಾತಾಡ್ಕೊಂಡು ಬರಕ್ಕೇನಾಗಿತ್ತು ನಿಮಗೆ?"

ಕೊಟ್ಟ ಹೂವನ್ನು ಮತ್ತೆ ಕೇಳುವಂತಿಲ್ಲ. ಇಬ್ಬರಿಗೂ ಹೂಂ ಅಂದಿದ್ದಾಳೆ ಎಂದುಕೊಂಡರೆ ಉಳಿದದ್ದು ಒಂದೇ ದಾರಿ. ಅರ್ಧ ಷೇರಿಗೆ ಹೋಯಿತು, ಇನ್ನರ್ಧ, ತಿಂಗಳು ತಿಂಗಳು ಬಡ್ಡಿ ಬರುವಂತೆ, ಪೋಸ್ಟಾಫೀಸಿಗೆ. ಯಜಮಾನರಿಗೆ ಸಮಾಧಾನವಿರಲಿಲ್ಲ. ಷೇರು ಬೆಳೆದ ದಿನ ನಿನಗೆ ಹೇಳ್ತೀನಿ ಎಂದು ಕೆಲವು ದಿನ ಗೊಣಗಿದರು.

ಮಾರನೇ ವರ್ಷ ಕಂಪನಿಯ ದೊಡ್ಡ ಗಿರಾಕಿಯೊಬ್ಬರು ಮಾಲು ತೆಗೆದುಕೊಳ್ಳುವುದನ್ನು ನಿಲ್ಲಿಸಿದರು. ಗೇಟು ಮುಚ್ಚಿತು. ಸಂಬಳ ನಿಂತಿತು, ಆಸ್ಪತ್ರೆಯ ಕಾರ್ಡೂ ನಿಂತಿತು. ಇವರು ಷೇರು ವಾಪಸ್ ಕೊಡಲು ಹೋದರೆ ಈಗ ಆಗುವುದಿಲ್ಲ ಎಂದು ಕಳಿಸಿದರು. ರೋಗ ನಿಜವಾಗಿಯೂ ಮನೆಯನ್ನೇ ನೋಡಿತ್ತು. ಅಂಗಿಯ ರಬ್ಬರ್ ವಾಸನೆ ನಿಧಾನವಾಗಿ ಹೋಯಿತು. ಅದು ಹೋಗಲೆಂದು ವರ್ಷಗಟ್ಟಲೆ ಸೋಪು ಸವೆಸಿದವಳು ನಾನು, ಈಗ ಬಟ್ಟೆ ಮಡಚುವಾಗ ಮೂಸಿ ನೋಡುತ್ತಿದ್ದೆ.

ಪೋಸ್ಟಾಫೀಸಿನ ಬಡ್ಡಿ ಮಾತ್ರ ತಪ್ಪಲಿಲ್ಲ. ಅದರಲ್ಲಿ ರಾಗಿ ಬಂತು, ಅತ್ತೆಯ ಮಾತ್ರೆ ಬಂತು, ಹೂವಿಗೂ ಅಷ್ಟಿಷ್ಟು ಉಳಿಯಿತು. ಒಂದು ದಿನ ಊಟಕ್ಕೆ ಕೂತಾಗ ಯಜಮಾನರು ಸಾಂಬಾರು ಕಲೆಸುತ್ತಾ, "ಇದು ಪೂರ್ತಿ ನಿಂದೇ ಕಣೇ" ಅಂದರು. ಕ್ಯಾಂಟೀನಿನ ಮಾತು ಅವರಿಗೆ ನೆನಪಿತ್ತು.

ಗೇಟು ಮತ್ತೆ ತೆರೆದಿದೆ, ಒಂದು ಪಾಳಿ ಮಾತ್ರ. ಷೇರು ಇನ್ನೂ ಕಾಗದವಾಗಿಯೇ ಇದೆ, ಬೆಳೆದರೂ ಬೆಳೆಯಬಹುದು. ಗಂಗಮ್ಮ ಅವತ್ತು ಯಾರ ಪ್ರಶ್ನೆಗೆ ಉತ್ತರ ಕೊಟ್ಟಳು ಎಂಬ ಕುತೂಹಲ ಹೋಗದೆ ಪೂಜಾರಿಯನ್ನೇ ಕೇಳಿದೆ. "ಅವತ್ತು ಸೆಖೆ ಅಂತ ಫ್ಯಾನ್ ಹಾಕಿದ್ದೆ ಕಣಮ್ಮ" ಅಂದ. ಫ್ಯಾನ್ ಹಾಕುವ ಬುದ್ಧಿಯನ್ನು ಅವನಿಗೆ ಯಾರು ಕೊಟ್ಟರೋ, ಅದನ್ನು ಕೇಳಲಿಲ್ಲ.

ಮೊನ್ನೆ ಸಂಜೆ ಇವರು ಬಾಗಿಲಲ್ಲೇ ನಿಂತು, ಕಂಪನಿ ಮತ್ತೆ ಷೇರು ಕೊಡುತ್ತಿದೆ, ಅದೂ ಇನ್ನೂ ಅಗ್ಗಕ್ಕೆ ಅಂದರು.

"ಗುಡಿಗೆ ಹೋಗ್ಬರೋಣ್ವಾ?"

"ಹೋಗೋಣ. ಮೊದ್ಲು ಏನ್ ಕೇಳ್ತೀರಾ ಅಂತ ಇಲ್ಲಿ ಹೇಳಿ."

ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ಅಂಗಿಯಲ್ಲಿ ರಬ್ಬರಿನ ವಾಸನೆ ಇತ್ತು. ನಾನು ಎಸರಿಟ್ಟು ಬಂದು ಎದುರಿಗೆ ಕೂತೆ.